ಆಕಾಶದ ಪಾಠಕ್ಕೆ ಕನ್ನಡದ ಟೀಕು

ಪರಕೀಯ ಪ್ರಭುತ್ವದವರು 1934ರಲ್ಲಿ ರಚಿಸಿದ್ದ ವಿಮಾನ ಕಾಯಿದೆಯು ತೊಂಬತ್ತು ವರುಷ ಬಾಳಿ ಕಾಲವಶವಾಯಿತು. ಅದರ ಪೀಠವನ್ನೇರಿದ 'ಭಾರತೀಯ ವಾಯುಯಾನ ಅಧಿನಿಯಮ'ವು 2024ರ ಆಗಸ್ಟಿನಲ್ಲಿ ಲೋಕಸಭೆಯ, ಡಿಸೆಂಬರಿನಲ್ಲಿ ರಾಜ್ಯಸಭೆಯ ಸಮ್ಮತಿಯನ್ನು ಪಡೆದು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಶಾಸನಕ್ಕೆ ಹಿಂದಿಯ ಹೆಸರನ್ನಿಟ್ಟುದು ಸರಿಯೋ ತಪ್ಪೋ ಎಂಬ ವಿಷಯವಾಗಿ ಸಂಸತ್ತಿನಲ್ಲಿ ಬಿರುಸಾದ ವಾಗ್ವಾದಗಳು ನಡೆದುವು. ಹೆಸರಿನ ಜಗಳವನ್ನು ಇಂದು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಬಾಗಿಲ ಮೇಲಣ ಫಲಕವನ್ನು ಬದಲಿಸಿದವರು ಮನೆಯ ಒಳಗನ್ನೂ ಒಮ್ಮೆ ನೋಡಲಿ ಎಂಬುದಷ್ಟೇ ನಮ್ಮ ವಿನಂತಿ. ಏಕೆಂದರೆ, ವಿಮಾನ ನಡೆಸಬೇಕೆಂದು ಹಂಬಲಿಸುವ ಕನ್ನಡದ ತರುಣನು ಬಾಗಿಲನ್ನು ದಾಟಿದೊಡನೆಯೇ ಎದುರಿಸಬೇಕಾದುದು ಒಂದು ಲಿಖಿತ ಪರೀಕ್ಷೆಯನ್ನು. ಆ ಪರೀಕ್ಷೆಯ ಸಿದ್ಧತೆಯಲ್ಲಿ ಅವನ ತಾಯ್ನುಡಿಗೆ ಎಳ್ಳಷ್ಟೂ ಸ್ಥಾನವಿಲ್ಲ.

ಹೊಸ ಶಾಸನದಿಂದ ವಿದ್ಯಾರ್ಥಿಗಳಿಗೆ ಒಂದು ಉಪಕಾರವಾಗಿರುವುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ವಿಮಾನದಿಂದ ನೆಲದೊಡನೆ ರೇಡಿಯೋ ಮೂಲಕ ಮಾತನಾಡುವವನಿಗೆ ಬೇಕಾದ ಯೋಗ್ಯತಾಪತ್ರದ ಪರೀಕ್ಷೆಯು ಹಿಂದೆ ದೂರಸಂಪರ್ಕ ಇಲಾಖೆಯವರ ಕೈಯಲ್ಲಿತ್ತು. ಹಾರಾಟದ ಇತರ ಪರೀಕ್ಷೆಗಳೆಲ್ಲ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರ ಕೈಯಲ್ಲಿದ್ದುವು. ಒಂದೇ ವಿದ್ಯೆಗಾಗಿ ಎರಡು ಇಲಾಖೆಗಳ ಹೊಸ್ತಿಲನ್ನು ತುಳಿಯಬೇಕಾಗಿದ್ದ ಬವಣೆಯು ಈ ಅಧಿನಿಯಮದಿಂದ ತಪ್ಪುವಂತಾಗಿದೆ. ಒಳ್ಳೆಯದು. ಇಷ್ಟನ್ನು ಮಾಡಿದವರು ಇನ್ನೊಂದು ಹೆಜ್ಜೆಯನ್ನು ಇಡಲಾರರೇ?

ನಾವಿಲ್ಲಿ ಪ್ರಸ್ತಾಪಿಸುತ್ತಿರುವುದು ಸಂಬಳಕ್ಕೆ ದುಡಿಯುವ ವಿಮಾನಚಾಲಕರ ಲೈಸೆನ್ಸನ್ನಲ್ಲ. ಅದಕ್ಕೂ ಕೆಳಗಿನ ಮೆಟ್ಟಿಲಾದ ಖಾಸಗಿ ವಿಮಾನಚಾಲಕನ ಲೈಸೆನ್ಸನ್ನು. ಹದಿನೇಳು ವರುಷ ತುಂಬಿರಬೇಕು, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು, ವೈದ್ಯರ ಪರೀಕ್ಷೆಯಲ್ಲಿ ದೇಹದಾರ್ಢ್ಯವು ಸಿದ್ಧವಾಗಬೇಕು, ನಲವತ್ತು ಗಂಟೆಗಳಷ್ಟಾದರೂ ಹಾರಿ ಅಭ್ಯಾಸ ಮಾಡಿರಬೇಕು. ಇವುಗಳ ಜೊತೆಗೆ ವಾಯುಯಾನದ ನಿಯಮಗಳು, ಮಾರ್ಗನಿರ್ಣಯ, ಹವಾಮಾನ ಶಾಸ್ತ್ರ, ವಿಮಾನ ಮತ್ತು ಅದರ ಯಂತ್ರ ಎಂಬ ವಿಷಯಗಳಲ್ಲಿ ನೂರಕ್ಕೆ ಎಪ್ಪತ್ತು ಅಂಕಗಳನ್ನು ಗಳಿಸಿರಬೇಕು. ಮೆಟ್ರಿಕ್ಯುಲೇಷನ್ನಿನ ಆಚೆಗೆ ಕಾಲಿಡದ ಈ ಸಂಪಾದಕನಿಗೂ ಕಾಗದದ ಮೇಲೆ ವಿದ್ಯಾರ್ಹತೆಗೆ ಕೊರತೆಯಿಲ್ಲ. ಕೊರತೆಯಿರುವುದು ಕಣ್ಣಿನಲ್ಲಿ ಮತ್ತು ಮಡದಿಯ ಸಮ್ಮತಿಯಲ್ಲಿ! ಪರಿಹಾಸ್ಯವು ಹಾಗಿರಲಿ. ಶಾಸನವು ಹತ್ತನೆಯ ತರಗತಿಯೇ ಸಾಕೆಂದು ಹೇಳಿದ ಮೇಲೆ, ಹತ್ತನೆಯ ತರಗತಿಯನ್ನು ಕನ್ನಡದಲ್ಲಿ ಓದಿ ಮುಗಿಸಿದವನು ಈ ಪಾಠಗಳನ್ನು ಅರ್ಥಮಾಡಿಕೊಳ್ಳುವ ಬಗೆ ಹೇಗೆಂಬುದನ್ನೂ ಯಾರಾದರೂ ಯೋಚಿಸಬೇಕಾಗಿತ್ತು. ಪುಸ್ತಕದ ಅಂಗಡಿಗಳಲ್ಲಿ ದೊರೆಯುವ ಪಠ್ಯಗ್ರಂಥಗಳು ಇಂಗ್ಲಿಷಿನವು. ಈ ಪರೀಕ್ಷೆಗೆ ಕುಳಿತುಕೊಳ್ಳುವವನ ಕೈಗೆ ಕೊಡತಕ್ಕ ಕನ್ನಡ ಪುಸ್ತಕವೊಂದು ನಮ್ಮ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ.

ವಿಮಾನಕ್ಕೂ ಕನ್ನಡನಾಡಿಗೂ ನಂಟು ನಿನ್ನೆ ಮೊನ್ನೆಯದಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದ್ದು 1940ರ ಡಿಸೆಂಬರಿನಲ್ಲಿ. ಡಾಕ್ಟರ್ ಘಾಟಗೆಯವರು ರೂಪಿಸಿದ ಎಚ್.ಟಿ. 2 ಎಂಬ ವಿಮಾನವು ಅದೇ ಕಾರ್ಖಾನೆಯಿಂದ ಹೊರಬಿದ್ದು 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. ಅದು ಕಲಿಯುವವರಿಗೆಂದೇ ಕಟ್ಟಿದ ವಿಮಾನವೆಂಬುದನ್ನು ಮರೆಯಬಾರದು. ಜಕ್ಕೂರಿನಲ್ಲಿ ಸರಕಾರದ ಹಾರಾಟ ಶಾಲೆಯು 1940ರ ದಶಕದ ಕೊನೆಯಲ್ಲಿಯೇ ಹುಟ್ಟಿತು. 2021ರಲ್ಲಿ ಕೇಂದ್ರದವರು ಹೊಸ ಹಾರಾಟ ಶಾಲೆಗಳಿಗೆಂದು ದೇಶದಲ್ಲಿ ಆರಿಸಿಕೊಂಡ ಐದು ವಿಮಾನ ನಿಲ್ದಾಣಗಳ ಪೈಕಿ ಬೆಳಗಾವಿ, ಕಲಬುರಗಿ ಎರಡೂ ನಮ್ಮವೇ. ಅತ್ತ 2023ರಲ್ಲಿ ಏರ್ ಇಂಡಿಯಾದವರು 470 ವಿಮಾನಗಳಿಗೂ ಇಂಡಿಗೋದವರು 500 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದರು. ಇಷ್ಟು ವಿಮಾನಗಳನ್ನು ನಡೆಸುವವರು ಎಲ್ಲಿಂದಲೋ ಬರಲೇಬೇಕು. ಕಾರ್ಖಾನೆಯು ನಮ್ಮ ನೆಲದಲ್ಲಿ, ಓಡುದಾರಿಯು ನಮ್ಮ ನೆಲದಲ್ಲಿ, ಆದರೆ ಆಸನದ ಮೇಲೆ ಕುಳಿತುಕೊಳ್ಳುವವನು ಮಾತ್ರ ಬೇರೆಡೆಯವನು ಎಂಬಂತಾದರೆ ಅದಕ್ಕೆ ಹೊರಗಿನವರನ್ನು ದೂರಿ ಫಲವೇನು?

ಪರೀಕ್ಷೆಗೆ ನಮ್ಮ ಹುಡುಗರು ಸಿದ್ಧರಾಗುವ ಬಗೆಯನ್ನು ಕೆಲವರ ಬಾಯಿಂದಲೇ ಕೇಳಿ ತಿಳಿದುಕೊಂಡೆವು. ಗಣಕಯಂತ್ರದ ಮುಂದೆ ಕುಳಿತು, ಪ್ರಶ್ನೆಯೊಂದರ ಕೆಳಗೆ ಕೊಟ್ಟಿರುವ ಉತ್ತರಗಳ ಪೈಕಿ ಸರಿಯಾದುದನ್ನು ಗುರುತಿಸುವುದೇ ಪರೀಕ್ಷೆಯ ಕ್ರಮ. ಹಿಂದಿನ ಪ್ರಶ್ನೆಗಳನ್ನೆಲ್ಲ ಕಲೆಹಾಕಿದ ಸಂಗ್ರಹಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಇಂಗ್ಲಿಷಿನ ಉದ್ದುದ್ದ ವಾಕ್ಯಗಳು ತಲೆಗೆ ಹತ್ತದ ಹುಡುಗನು ಆ ಸಂಗ್ರಹವನ್ನೇ ಉರು ಹೊಡೆಯುತ್ತಾನೆ. ಪ್ರಶ್ನೆಯ ಮೊದಲ ಮೂರು ಶಬ್ದಗಳನ್ನು ನೋಡಿದೊಡನೆ ಉತ್ತರವು ಎರಡನೆಯದೋ ನಾಲ್ಕನೆಯದೋ ಎಂದು ಅವನ ಬೆರಳಿಗೆ ಗೊತ್ತು. ಏಕೆ ಎಂಬುದು ಅವನ ಬುದ್ಧಿಗೆ ಗೊತ್ತಿಲ್ಲ. ಬೇರೆ ಪರೀಕ್ಷೆಗಳಲ್ಲಿ ಹೀಗೆ ಗೆದ್ದವನು ಹೆಚ್ಚೆಂದರೆ ಕಚೇರಿಯಲ್ಲಿ ಕಡತವೊಂದನ್ನು ಕೆಡಿಸಿಯಾನು. ಇಲ್ಲಿ ಗೆದ್ದವನು ಒಂಟಿಯಾಗಿ ಎರಡು ಸಾವಿರ ಅಡಿ ಮೇಲಿರುತ್ತಾನೆ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಹೇಳಿದ್ದಾರೆ; ಬುದ್ಧಿಯ ಮುಕ್ಕಾಲನ್ನು ನೆಲದ ಮೇಲೆಯೇ ಬಿಟ್ಟು ಮೇಲೇರುವವನ ಗತಿಯೇನು?

ಒಂದು ಉದಾಹರಣೆಯನ್ನು ವಿಸ್ತಾರವಾಗಿಯೇ ನೋಡೋಣ. 'ಸ್ಟಾಲ್' ಎಂಬ ಮಾತಿದೆ. ನಮ್ಮ ಬೀದಿಯಲ್ಲಿ ಆ ಮಾತಿಗೆ ಚಹದ ಅಂಗಡಿಯೆಂದು ಅರ್ಥ. ಮೋಟಾರು ಬಲ್ಲವನಿಗೆ ಇಂಜಿನ್ನು ತಟಕ್ಕನೆ ನಿಂತುಹೋಗುವುದೆಂದು ಅರ್ಥ. ವಿಮಾನಚಾಲಕನಿಗೆ ಇವೆರಡೂ ಅಲ್ಲ. ರೆಕ್ಕೆಯು ಎದುರುಗಾಳಿಯನ್ನು ಸಂಧಿಸುವ ಕೋನವು ಒಂದು ಮಿತಿಯನ್ನು, ಸಾಮಾನ್ಯವಾಗಿ ಹದಿನೈದು ಡಿಗ್ರಿಯ ಆಸುಪಾಸನ್ನು, ಮೀರಿದೊಡನೆ ರೆಕ್ಕೆಯ ಮೇಲ್ಮೈಯನ್ನು ಅಪ್ಪಿಕೊಂಡು ಹರಿಯುತ್ತಿದ್ದ ಗಾಳಿಯು ಚದುರಿಹೋಗುತ್ತದೆ. ವಿಮಾನವನ್ನು ಎತ್ತಿಹಿಡಿದಿದ್ದ ಬಲವು ಕುಸಿಯುತ್ತದೆ. ಇಂಜಿನ್ನು ಆಗಲೂ ಗುಡುಗುಡು ಓಡುತ್ತಲೇ ಇರಬಹುದು. ವೇಗವು ಹೆಚ್ಚಾಗಿರುವಾಗಲೂ, ಮೂಗು ನೆಲದ ಕಡೆಗಿರುವಾಗಲೂ ಇದು ಸಂಭವಿಸಬಹುದು. ವಿಮಾನವು ಬೀಳತೊಡಗಿದಾಗ ಅದನ್ನು ಮೇಲಕ್ಕೆಳೆಯಬೇಕೆಂಬುದು ಮನುಷ್ಯನ ಸಹಜ ಪ್ರವೃತ್ತಿ. ಹಾಗೆ ಎಳೆದರೆ ಕೋನವು ಇನ್ನಷ್ಟು ಹೆಚ್ಚಿ ಅನಾಹುತವು ಪೂರ್ತಿಯಾಗುತ್ತದೆ. ಮಾಡಬೇಕಾದುದು ಅದಕ್ಕೆ ವಿಪರೀತ: ಹಿಡಿಯನ್ನು ಮುಂದಕ್ಕೊತ್ತಿ ಮೂಗನ್ನು ತಗ್ಗಿಸಿ, ರೆಕ್ಕೆಯ ಮೇಲೆ ಗಾಳಿಯು ಮತ್ತೆ ನಯವಾಗಿ ಹರಿಯುವಂತೆ ಮಾಡಬೇಕು. ಸಂಗ್ರಹವನ್ನು ಬಾಯಿಪಾಠ ಮಾಡಿದವನಿಗೆ 'ನಿರ್ಣಾಯಕ ಕೋನ' ಎಂಬ ಉತ್ತರವು ಗೊತ್ತಿರುತ್ತದೆ. ಕಾರಣವನ್ನು ತನ್ನ ಮಾತಿನಲ್ಲಿ ತಿಳಿದವನ ಕೈ ಮಾತ್ರ ಆ ಕ್ಷಣದಲ್ಲಿ ಮುಂದಕ್ಕೆ ಚಲಿಸುತ್ತದೆ.

ಇನ್ನೊಂದು ಸಂಗತಿಯು ಬೆಂಗಳೂರಿಗೇ ಅಂಟಿದ್ದು. ನಮ್ಮ ರಾಜಧಾನಿಯು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ವಿಮಾನ ಶಾಸ್ತ್ರದವರು ಆದರ್ಶವೆಂದು ಇಟ್ಟುಕೊಂಡಿರುವ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣತೆಯು 15 ಡಿಗ್ರಿ. ಮೇಲೇರಿದಂತೆ ಸಾವಿರ ಅಡಿಗೆ ಎರಡು ಡಿಗ್ರಿಯಂತೆ ಇಳಿಯುತ್ತದೆ. ಆದುದರಿಂದ 3000 ಅಡಿಯಲ್ಲಿ ಇರಬೇಕಾದುದು 9 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಜಕ್ಕೂರಿನಲ್ಲಿ 35 ಡಿಗ್ರಿಯಿದೆಯೆಂದು ಇಟ್ಟುಕೊಳ್ಳೋಣ. ವ್ಯತ್ಯಾಸವು 26. ಒಂದು ಡಿಗ್ರಿಗೆ 120 ಅಡಿಯಂತೆ ಲೆಕ್ಕ ಹಾಕಿದರೆ 3120 ಅಡಿ. ಇದನ್ನು ನೆಲದ ಎತ್ತರಕ್ಕೆ ಕೂಡಿಸಿದರೆ 6120 ಅಡಿ. ಅಂದರೆ, ಆ ಮಧ್ಯಾಹ್ನ ಜಕ್ಕೂರಿನ ಗಾಳಿಯು ಅಷ್ಟು ತೆಳುವಾಗಿ, ವಿಮಾನದ ಪಾಲಿಗೆ ಆ ಬಯಲು ಮುಳ್ಳಯ್ಯನಗಿರಿಯ ತುದಿಗಿಂತ ಇನ್ನೂರು ಅಡಿ ಮಾತ್ರ ಕೆಳಗಿರುವ ಜಾಗವಾಗಿಬಿಡುತ್ತದೆ! ರೆಕ್ಕೆಗೆ ಹಿಡಿತ ಕಡಮೆ, ಇಂಜಿನ್ನಿಗೆ ಉಸಿರು ಕಡಮೆ, ತಿರುಗುವ ಪಂಖಕ್ಕೆ ಎಳೆತ ಕಡಮೆ. ಬೆಳಿಗ್ಗೆ ಏಳು ಗಂಟೆಗೆ ಹಗುರವಾಗಿ ಮೇಲೆದ್ದ ಅದೇ ವಿಮಾನವು ಮಧ್ಯಾಹ್ನ ಎರಡು ಗಂಟೆಗೆ ಓಡುದಾರಿಯ ಬಹುಭಾಗವನ್ನು ನುಂಗಿದರೂ ಏಳಲು ಒಲ್ಲೆನೆನ್ನುತ್ತದೆ. ನಾಲ್ಕು ಕೂಡುವ ಕಳೆಯುವ ಲೆಕ್ಕಗಳಲ್ಲಿ ಮುಗಿಯುವ ಈ ವಿಷಯವನ್ನು ಹಳ್ಳಿಯ ಶಾಲೆಯ ಏಳನೆಯ ತರಗತಿಯ ಹುಡುಗನಿಗೂ ಕನ್ನಡದಲ್ಲಿ ತಿಳಿಸಬಹುದು. ಆದರೆ ಪುಸ್ತಕದಲ್ಲಿ ಅದು 'ಡೆನ್ಸಿಟಿ ಆಲ್ಟಿಟ್ಯೂಡ್' ಎಂಬ ಮುಸುಕನ್ನು ಹೊದ್ದು ಕುಳಿತಿದೆ. ಸಮುದ್ರತೀರದ ಪರದೇಶದ ಊರೊಂದರ ಉದಾಹರಣೆಯನ್ನು ಓದಿಕೊಂಡು ಪರೀಕ್ಷೆಯಲ್ಲಿ ಗೆದ್ದವನಿಗೆ ತನ್ನ ಊರಿನ ನೆಲವೇ ಅರ್ಧ ಬೆಟ್ಟವೆಂಬುದು ಹೊಳೆಯದೆ ಹೋಗಬಹುದು.

ಹವಾಮಾನದ ಪಾಠದಲ್ಲಿಯಂತೂ ಕನ್ನಡಿಗನು ಬರಿಗೈಯವನಲ್ಲ. ಅಶ್ವಿನಿ ಭರಣಿಗಳಿಂದ ಸ್ವಾತಿ ವಿಶಾಖಗಳವರೆಗೆ ಮಳೆಗಳನ್ನು ಹೆಸರು ಹಿಡಿದು ಕರೆಯುವ ಜನರು ನಾವು. ಬೇಸಗೆಯ ಸಂಜೆ ಗೋಪುರದಂತೆ ಎದ್ದು ತಲೆಯಗಲಿಸುವ ಕರಿಮೋಡವನ್ನು ಕಂಡೊಡನೆ ಕಣದ ರಾಶಿಗೆ ಹೊದಿಕೆ ಹಾಸುವ ರೈತನಿಗೆ ಗುಡುಗುಮೋಡದ ಅರ್ಧ ಪಾಠವು ಬಂದೇ ಇದೆ; ಅದರ ಹೊಟ್ಟೆಯಲ್ಲಿ ಏರುಗಾಳಿಯೂ ಇಳಿಗಾಳಿಯೂ ಒಂದರ ಪಕ್ಕದಲ್ಲೊಂದು ಹೊರಳಾಡುತ್ತಿರುತ್ತವೆಂಬ ಉಳಿದರ್ಧವನ್ನು ಹೇಳಿದರೆ ಸಾಕು. ಕಾರ್ಬುರೇಟರಿನಲ್ಲಿ ಮಂಜು ಕಟ್ಟುವ ವಿಷಯವನ್ನು ತೆಗೆದುಕೊಳ್ಳಿರಿ. ಹೊರಗೆ 20 ಡಿಗ್ರಿ ಉಷ್ಣತೆಯಿರುವಾಗ ಇಂಜಿನ್ನಿನೊಳಗೆ ಹಿಮಗಡ್ಡೆಯೇ ಎಂದು ಹುಡುಗನು ಬೆರಗಾಗುತ್ತಾನೆ, ನಂಬದೆಯೇ ಉತ್ತರವನ್ನು ಉರು ಹೊಡೆಯುತ್ತಾನೆ. ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಾಗುತ್ತದೆ ಎಂದು ಕೇಳಿ ನೋಡಿರಿ. ಹೊರಮೈಯಿಂದ ನೀರು ಆವಿಯಾಗುವಾಗ ಹೂಜಿಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಪೆಟ್ರೋಲು ಆವಿಯಾಗುವಾಗಲೂ ಹಾಗೆಯೇ. ಇಕ್ಕಟ್ಟಾದ ಕೊರಳಿನಲ್ಲಿ ನುಗ್ಗುವ ಗಾಳಿಯೂ ತಣಿಯುತ್ತದೆ. ಎರಡೂ ಸೇರಿ ಉಷ್ಣತೆಯು ಇಪ್ಪತ್ತು ಡಿಗ್ರಿಗಿಂತಲೂ ಹೆಚ್ಚಾಗಿ ಕುಸಿಯಬಹುದು. ಗಾಳಿಯಲ್ಲಿ ತೇವವಿದ್ದರೆ ಅದು ಅಲ್ಲಿಯೇ ಹೆಪ್ಪುಗಟ್ಟಿ ಇಂಜಿನ್ನಿನ ಕೊರಳನ್ನು ಒತ್ತುತ್ತದೆ. ಶ್ರಾವಣದ ತೇವದ ಬೆಳಗು ಇದಕ್ಕೆ ಹೇಳಿ ಮಾಡಿಸಿದ ಸಮಯ. ಅಡುಗೆಮನೆಯ ಹೂಜಿಯಿಂದ ಇಂಜಿನ್ನಿಗೆ ಹೋಗುವ ದಾರಿಯು ಇಷ್ಟು ಹತ್ತಿರ. ಆ ದಾರಿಯನ್ನು ತೋರಿಸುವವರಿಲ್ಲ.

ನಿಯಮಗಳ ಭಾಗದಲ್ಲಿಯೂ ಒಂದು ಮಾತನ್ನು ಹೇಳಲೇಬೇಕು. ರಸ್ತೆಯಲ್ಲಿ ಎಡಕ್ಕೆ ಸರಿಯುವುದು ನಮಗೆ ರಕ್ತಗತವಾದ ಅಭ್ಯಾಸ. ಆಕಾಶದಲ್ಲಿ ಎರಡು ವಿಮಾನಗಳು ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ದಾರಿಗಳು ಒಂದನ್ನೊಂದು ಅಡ್ಡಹಾಯುವಾಗ, ಯಾರ ಬಲಗಡೆಗೆ ಇನ್ನೊಂದು ವಿಮಾನವು ಕಾಣುತ್ತದೆಯೋ ಅವನು ದಾರಿ ಬಿಡಬೇಕು. ಕಣ್ಣಳತೆಯಿಂದ ಹಾರುವವನಿಗೆ ಹತ್ತು ಸಾವಿರ ಅಡಿಯ ಕೆಳಗೆ ಐದು ಕಿಲೋಮೀಟರು ನಿಚ್ಚಳವಾಗಿ ಕಾಣುತ್ತಿರಬೇಕು, ಮೋಡದಿಂದ ಅಡ್ಡಕ್ಕೆ 1500 ಮೀಟರೂ ಉದ್ದಕ್ಕೆ ಸಾವಿರ ಅಡಿಯೂ ದೂರವಿರಬೇಕು. ಮಾರ್ಗನಿರ್ಣಯದಲ್ಲಿ ಅರವತ್ತು ಮೈಲಿಗೆ ಒಂದು ಡಿಗ್ರಿಯ ತಪ್ಪು ಒಂದು ಮೈಲಿಯ ತಪ್ಪು ಎಂಬ ಸುಲಭ ಸೂತ್ರವಿದೆ. ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿಗೆ ಸುಮಾರು 75 ನಾಟಿಕಲ್ ಮೈಲಿ. ಐದು ಡಿಗ್ರಿ ತಪ್ಪಿದವನು ಆರು ಮೈಲಿಗೂ ಹೆಚ್ಚು ಅತ್ತಿತ್ತ ಹೋಗಿರುತ್ತಾನೆ. ಪಂಚಾಂಗದ ಗಣಿತವನ್ನು ಕವಡೆಗಳಿಂದ ಮಾಡುತ್ತಿದ್ದವರ ಮೊಮ್ಮಕ್ಕಳಿಗೆ ಇದು ದೊಡ್ಡದಲ್ಲ.

ನಾವು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿದವರು. ಆದುದರಿಂದ ಬಾಯಿಪಾಠವನ್ನು ಹಳಿಯುವ ಹಕ್ಕು ನಮಗಿಲ್ಲ. ಆದರೆ ಅಲ್ಲಿಯ ಕ್ರಮವೇ ಬೇರೆಯಾಗಿತ್ತು. ಶ್ಲೋಕವು ಸಂಸ್ಕೃತದಲ್ಲಿ, ಗುರುಗಳ ವಿವರಣೆಯು ಕನ್ನಡದಲ್ಲಿ. ಮೊದಲು ಪದಚ್ಛೇದ, ಅನಂತರ ಪ್ರತಿಪದಾರ್ಥ, ಕೊನೆಯಲ್ಲಿ ತಾತ್ಪರ್ಯ. ಮೂಲ ಗ್ರಂಥದ ಒಂದು ಅಕ್ಷರವನ್ನೂ ಬದಲಿಸದೆ, ಅದರ ಮಗ್ಗುಲಲ್ಲಿಯೇ ತಾಯ್ನುಡಿಯಲ್ಲಿ ಅರ್ಥವನ್ನು ಬಿಡಿಸಿಡುವ ಈ ಪದ್ಧತಿಗೆ ನಮ್ಮಲ್ಲಿ ಟೀಕು ಎಂದು ಹೆಸರು. ವೈದ್ಯವನ್ನೂ ಜ್ಯೋತಿಷವನ್ನೂ ಈ ನಾಡಿನವರು ನೂರಾರು ವರುಷ ಹೀಗೆಯೇ ಕಲಿತರು. ಸಂಸ್ಕೃತವನ್ನು ಕಲಿಯಲು ಕನ್ನಡವನ್ನು ಬಿಡಬೇಕೆಂದು ಯಾವ ಪಂಡಿತರೂ ಹೇಳಲಿಲ್ಲ. ಇಂಗ್ಲಿಷಿನ ವಿದ್ಯೆಗೆ ಮಾತ್ರ ಈ ಕ್ರಮವು ಸಲ್ಲದೆಂದು ತೀರ್ಮಾನಿಸಿದವರು ಯಾರು? ನಾವು ಕೇಳುತ್ತಿರುವುದು ಪರೀಕ್ಷೆಯ ಭಾಷೆಯನ್ನು ನಾಳೆಯೇ ಬದಲಿಸಿರೆಂದಲ್ಲ. ಆ ಪಾಠಗಳಿಗೆ ಒಂದು ಕನ್ನಡ ಟೀಕನ್ನು.

ವಿಮಾನಚಾಲಕನಿಗೆ ಇಂಗ್ಲಿಷು ಬಾರದಿದ್ದರೆ ಅಪಾಯವಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಕ್ಷುಲ್ಲಕವಾದುದಲ್ಲ. 1996ರ ನವೆಂಬರ್ 12ರಂದು ದಿಲ್ಲಿಯ ಸಮೀಪದ ಚರಖಿ ದಾದ್ರಿಯ ಮೇಲೆ ಸೌದಿ ಅರೇಬಿಯದ ವಿಮಾನಕ್ಕೂ ಕಜಾಕಸ್ಥಾನದ ವಿಮಾನಕ್ಕೂ ಡಿಕ್ಕಿಯಾಗಿ 349 ಜನರು ಮಡಿದರು. ಹದಿನೈದು ಸಾವಿರ ಅಡಿಯಲ್ಲಿ ನಿಲ್ಲಬೇಕಾಗಿದ್ದ ಕಜಾಕ್ ವಿಮಾನವು ಅದಕ್ಕೂ ಕೆಳಗಿಳಿದಿತ್ತು. ಅದರ ಸಿಬ್ಬಂದಿಗೆ ಇಂಗ್ಲಿಷು ಸಾಲದಿದ್ದುದೂ ಒಂದು ಕಾರಣವೆಂದು ವಿಚಾರಣೆಯಲ್ಲಿ ಕಂಡುಬಂದಿತು. ನಮ್ಮ ನೆಲದ ಹೊಲಗಳಲ್ಲಿ ಬಿದ್ದ ಆ ಹೆಣಗಳನ್ನು ಮರೆತು ಭಾಷಾಭಿಮಾನವನ್ನು ಸಾರುವಷ್ಟು ಕಠಿಣ ಹೃದಯ ನಮಗಿಲ್ಲ. ಆ ಬಳಿಕವೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯವರು ಚಾಲಕರ ಭಾಷಾಜ್ಞಾನಕ್ಕೆ ಅಂತಸ್ತುಗಳನ್ನು ಗೊತ್ತುಮಾಡಿ, ಅಂತರರಾಷ್ಟ್ರೀಯ ಹಾರಾಟದವರಿಗೆ ನಾಲ್ಕನೆಯ ಅಂತಸ್ತನ್ನು ಕನಿಷ್ಠವೆಂದು 2008ರಿಂದ ವಿಧಿಸಿದರು. ರೇಡಿಯೋದಲ್ಲಿ ಆಡುವ ಮಾತು ಇಂಗ್ಲಿಷಿನಲ್ಲಿರಲಿ. ಅದನ್ನು ಚೆನ್ನಾಗಿ, ತಪ್ಪಿಲ್ಲದೆ, ಎಳೆಯಂದಿನಿಂದಲೇ ನಮ್ಮ ಹುಡುಗರು ಕಲಿಯಲಿ. ಅದು ಕೆಲವೇ ನೂರು ಶಬ್ದಗಳ, ಕಟ್ಟುನಿಟ್ಟಾದ ವಾಕ್ಯಗಳ ಭಾಷೆ. ರೆಕ್ಕೆಯ ಮೇಲೆ ಗಾಳಿಯು ಹೇಗೆ ಹರಿಯುತ್ತದೆಂಬುದನ್ನು ಅರಿಯುವುದು ಬೇರೆಯ ಕೆಲಸ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದುದರಿಂದ ನಮ್ಮ ಹುಡುಗನಿಗೆ ಎರಡೂ ಅರೆಬರೆಯಾಗುತ್ತಿವೆ.

ಇನ್ನು ಪರದೇಶಗಳಲ್ಲಿ ಏನು ನಡೆಯುತ್ತದೆಂಬುದನ್ನು ನೋಡೋಣ. ನಮ್ಮ ಅಧಿಕಾರಿವರ್ಗದವರಿಗೆ ಪರದೇಶದ ನಿದರ್ಶನವೆಂದರೆ ವೇದವಾಕ್ಯವಲ್ಲವೇ? ಯೂರೋಪಿನಲ್ಲಿ ಖಾಸಗಿ ಲೈಸೆನ್ಸಿಗೆ ಒಂಬತ್ತು ವಿಷಯಗಳ ಲಿಖಿತ ಪರೀಕ್ಷೆಯಿದೆ. ಪ್ರತಿಯೊಂದರಲ್ಲಿಯೂ ನೂರಕ್ಕೆ 75 ಬರಬೇಕು. ನೂರು ಗಂಟೆಗಳ ಪಾಠವನ್ನು ಕೇಳಿರಬೇಕು. ಪರೀಕ್ಷೆಯು ನಮ್ಮದಕ್ಕಿಂತ ಬಿಗಿಯಾದುದೇ. ಆದರೂ ಜರ್ಮನಿಯ ಹುಡುಗನು ಅದನ್ನು ಜರ್ಮನ್ ಭಾಷೆಯಲ್ಲಿ ಓದಿ ಬರೆಯುತ್ತಾನೆ, ಫ್ರಾನ್ಸಿನವನು ಫ್ರೆಂಚಿನಲ್ಲಿ. ಜಪಾನಿನಲ್ಲಿ ಚಾಲಕರ ಲಿಖಿತ ಪರೀಕ್ಷೆಯು ಜಪಾನೀ ಭಾಷೆಯಲ್ಲಿದೆ. ಜರ್ಮನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಣ್ಣಳತೆಯ ಹಾರಾಟದವರಿಗೆ ರೇಡಿಯೋ ಯೋಗ್ಯತಾಪತ್ರವನ್ನೇ ಎರಡು ಬಗೆಯಾಗಿ ಮಾಡಿದ್ದಾರೆ: ಜರ್ಮನ್ ಒಂದೇ ಸಾಕೆನ್ನುವವನಿಗೆ ಒಂದು, ಇಂಗ್ಲಿಷೂ ಬೇಕೆನ್ನುವವನಿಗೆ ಇನ್ನೊಂದು. ಅಂತರರಾಷ್ಟ್ರೀಯ ನಿಯಮವೂ ನೆಲದ ನಿಲಯದವರು ವಾಡಿಕೆಯಾಗಿ ಬಳಸುವ ಭಾಷೆಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಮಾತನಾಡಬಹುದೆಂದೇ ಹೇಳುತ್ತದೆ.

ಇವೆಲ್ಲ ಒಂದೇ ಭಾಷೆಯ ರಾಷ್ಟ್ರಗಳು, ಹಲವು ಭಾಷೆಗಳ ನಮ್ಮ ದೇಶಕ್ಕೆ ಹೋಲಿಕೆಯಾಗಲಾರವು ಎನ್ನುವವರು ಕೆನಡದ ಕ್ವಿಬೆಕ್ ಪ್ರಾಂತದ ಕಥೆಯನ್ನು ಓದಬೇಕು. ಅಲ್ಲಿಯ ಫ್ರೆಂಚ್ ಭಾಷಿಕರು ತಮ್ಮ ಪ್ರಾಂತದ ಆಕಾಶದಲ್ಲಿ ತಮ್ಮ ನುಡಿಯನ್ನು ಆಡಲು ಹಕ್ಕು ಕೇಳಿದಾಗ, ಇದರಿಂದ ವಿಮಾನಗಳು ಒಂದಕ್ಕೊಂದು ಬಡಿದಾವೆಂದು ಇಂಗ್ಲಿಷ್ ಪಕ್ಷದ ಚಾಲಕರು 1976ರ ಜೂನ್ ತಿಂಗಳಲ್ಲಿ ಮುಷ್ಕರವನ್ನೇ ಹೂಡಿ ದೇಶದ ವಿಮಾನ ಸಂಚಾರವನ್ನು ನಿಲ್ಲಿಸಿದರು. ಸರಕಾರದವರು ವಿಚಾರಣಾ ಮಂಡಲಿಯನ್ನು ನೇಮಿಸಿದರು. ಮೂರು ವರುಷಗಳ ಶೋಧನೆಯ ತರುವಾಯ 1979ರಲ್ಲಿ ಹೊರಬಿದ್ದ ಅಂತಿಮ ವರದಿಯು, ಎರಡು ಭಾಷೆಗಳಿಂದ ಸುರಕ್ಷಿತತೆಗೆ ಕುಂದಿಲ್ಲವೆಂದು ನಿರ್ಣಯಿಸಿತು. ಮುಷ್ಕರದ ದಿನಗಳಲ್ಲಿ ಗರ್ಜಿಸಿದವರ ಭೀತಿಯು ಲೆಕ್ಕಕ್ಕೆ ನಿಲ್ಲಲಿಲ್ಲ. ಅವರು ಕೇಳಿದ್ದು ರೇಡಿಯೋವನ್ನು. ನಾವು ಕೇಳುತ್ತಿರುವುದು ಪುಸ್ತಕವೊಂದನ್ನು ಮಾತ್ರ.

ಖಾಸಗಿ ಲೈಸೆನ್ಸೆಂಬುದು ಸಿರಿವಂತರ ವಿನೋದ, ಬಡವನ ಭಾಷೆಗೂ ಅದಕ್ಕೂ ಏನು ಸಂಬಂಧ ಎಂಬ ಕುಹಕವೂ ಕೇಳಿಬರುತ್ತದೆ. ಹಾರಾಟದ ಗಂಟೆಗಳಿಗೆ ಲಕ್ಷಗಟ್ಟಲೆ ರೂಪಾಯಿ ಬೀಳುವುದು ನಿಜ. 1929ರ ಫೆಬ್ರವರಿ 10ರಂದು ಈ ದೇಶದಲ್ಲಿ ಮೊದಲ ಲೈಸೆನ್ಸನ್ನು ಪಡೆದ ಜೆ. ಆರ್. ಡಿ. ಟಾಟಾ ಅವರು ಬಡವರ ಮನೆಯ ಮಗನೇನೂ ಅಲ್ಲ. ಆದರೆ ಅದೇ ಮೆಟ್ಟಿಲಿನಿಂದ ಮೇಲೇರಿ, 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ತಾವೇ ಟಪಾಲು ವಿಮಾನವನ್ನು ನಡೆಸಿ ತಂದವರೂ ಅವರೇ. ಅಲ್ಲಿಂದ ಒಂದು ದೇಶದ ವಿಮಾನಸಂಚಾರವೇ ಬೆಳೆಯಿತು. ಹೊಲ ಮಾರಿಯೋ ಸಾಲ ಮಾಡಿಯೋ ಮಗನನ್ನೂ ಮಗಳನ್ನೂ ಹಾರಾಟ ಶಾಲೆಗೆ ಕಳುಹಿಸುವ ಕುಟುಂಬಗಳು ಇಂದು ತಾಲ್ಲೂಕು ಊರುಗಳಲ್ಲಿಯೂ ಇವೆ. ಹಣದ ಗೋಡೆಯನ್ನು ಒಡೆಯುವುದು ಕಷ್ಟಸಾಧ್ಯ. ಅದರ ಮೇಲೆ ಭಾಷೆಯ ಗೋಡೆಯನ್ನೂ ಏರಿಸಿ ಕಟ್ಟಬೇಕೇ? ಪರೀಕ್ಷೆಯಲ್ಲಿ ಎರಡು ಸಲ ಸೋತವನ ಮನೆಯಲ್ಲಿ ಕಾಯುವ ಕಾಲಕ್ಕೆ ಬಡ್ಡಿಯು ಕಾಯುವುದಿಲ್ಲ.

ಕನ್ನಡದಲ್ಲಿ ಶಾಸ್ತ್ರ ಬರೆಯುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವು ನೂರು ವರುಷಗಳ ಹಿಂದೆಯೇ ದೊರೆತಿದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿಯೇ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ಕುಳಿತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಲಿಯವರು 2021ರಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನೇ ದೇಶಭಾಷೆಗಳಲ್ಲಿ ಬೋಧಿಸಲು ಅನುಮತಿಯಿತ್ತರು. ಆದರೆ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆವು. ಈ ಕೆಲಸವನ್ನು ನಿಘಂಟು ಸಮಿತಿಯ ವಶಕ್ಕೆ ಒಪ್ಪಿಸಿದರೆ ಕಾರ್ಬುರೇಟರಿಗೆ ಒಂಬತ್ತಕ್ಷರದ ಸಮಾಸವೊಂದನ್ನು ಹೊಸೆದು ವಿದ್ಯಾರ್ಥಿಯನ್ನು ಇಂಗ್ಲಿಷಿನ ಕಾಡಿನಿಂದ ಸಂಸ್ಕೃತದ ಕಾಡಿಗೆ ಅಟ್ಟುತ್ತಾರೆ. ಸ್ಟಾಲ್ ಸ್ಟಾಲಾಗಿಯೇ ಇರಲಿ, ಫ್ಲಾಪು ಫ್ಲಾಪಾಗಿಯೇ ಇರಲಿ. ಪರೀಕ್ಷೆಯಲ್ಲಿಯೂ ರೇಡಿಯೋದಲ್ಲಿಯೂ ಅವನಿಗೆ ಬೇಕಾಗುವುದು ಆ ಶಬ್ದಗಳೇ. ಅವುಗಳ ಸುತ್ತಲಿನ ವಾಕ್ಯವು, ಕಾರಣವು, ಲೆಕ್ಕವು ಕನ್ನಡದಲ್ಲಿರಲಿ. ಉದಾಹರಣೆಗಳು ಜಕ್ಕೂರಿನ ಬಿಸಿಲಿನಿಂದ, ದೇವನಹಳ್ಳಿಯ ಮಾಗಿಯ ಮಂಜಿನಿಂದ, ಘಟ್ಟದ ಮೇಲಣ ಮುಂಗಾರಿನ ಮೋಡದಿಂದ ಬರಲಿ.

ರಾಜ್ಯ ಸರಕಾರದವರಿಗೆ ಜಕ್ಕೂರಿನಲ್ಲಿ ಸ್ವಂತದ ಹಾರಾಟ ಶಾಲೆಯಿದೆ. ದಿಲ್ಲಿಯ ಅಪ್ಪಣೆಗೆ ಕಾಯದೆ ಅವರು ಮಾಡಬಹುದಾದ ಕೆಲಸವಿದು: ನಿವೃತ್ತರಾದ ಇಬ್ಬರು ಕನ್ನಡಿಗ ಬೋಧಕರನ್ನೂ ಒಬ್ಬ ಹವಾಮಾನ ತಜ್ಞರನ್ನೂ ಕನ್ನಡ ಬರೆಯಬಲ್ಲ ಒಬ್ಬ ಉಪಾಧ್ಯಾಯರನ್ನೂ ಒಂದು ವರುಷದ ಮಟ್ಟಿಗೆ ಒಂದು ಕೋಣೆಯಲ್ಲಿ ಕೂರಿಸಿ, ನಾಲ್ಕು ವಿಷಯಗಳ ಮುನ್ನೂರು ಪುಟದ ಟೀಕೊಂದನ್ನು ಬರೆಸುವುದು, ವಾರಕ್ಕೆರಡು ದಿನ ಅದನ್ನು ಅಲ್ಲಿಯೇ ಪಾಠ ಹೇಳಿಸುವುದು. ಇದಕ್ಕೆ ತಗಲುವ ವೆಚ್ಚವು ಒಂದು ಉತ್ಸವದ ಚಪ್ಪರದ ಖರ್ಚಿಗಿಂತ ಹೆಚ್ಚಾಗದು. ಸರಕಾರದವರು ಮುಂದಾಗದಿದ್ದರೆ, ವಿಷಯವನ್ನು ಬಲ್ಲ ಯಾವ ಬೋಧಕರಾದರೂ ಹಸ್ತಪ್ರತಿಯನ್ನು ಸಿದ್ಧಪಡಿಸಿ ನಮ್ಮ ಕಾರ್ಯಾಲಯಕ್ಕೆ ತಲಪಿಸಲಿ. ತಜ್ಞರಿಬ್ಬರು ಓದಿ ಒಪ್ಪಿದ ಮೇಲೆ ಮೊದಲ ಸಾವಿರ ಪ್ರತಿಗಳನ್ನು ನಮ್ಮ ಅಚ್ಚುಕೂಟದಲ್ಲಿ ಕೂಲಿಯಿಲ್ಲದೆ ಅಚ್ಚುಹಾಕಿ ಕೊಡುತ್ತೇವೆ. ಕಾಗದದ ಬೆಲೆಯನ್ನು ಓದುವವರು ಕೊಟ್ಟರೆ ಸಾಕು.